ಎರಡು ಮಳೆಗಾಲದ ಬೊಂಬು

ನಾನು ದಿನಾ ಸೀರೆ ಒಣಗಹಾಕುವ ಕಬ್ಬಿಣದ ಪೈಪು ಬಟ್ಟೆ ಒಣಗಿಸಲು ತಂದದ್ದಲ್ಲ. ಚಾಮರಾಜಪೇಟೆಯ ಮನೆ ಬಿಟ್ಟು ತ್ಯಾಗರಾಜನಗರದ ಈ ಮನೆಗೆ ಬಂದಾಗ ಬೀರು, ಮಂಚ, ದೇವರ ಮಂಟಪದ ಜೊತೆ ಅದನ್ನೂ ಲಾರಿಗೆ ಏರಿಸಿದೆ. ಸಾಮಾನು ಹೊರುವವನು ನಕ್ಕು, "ಅಮ್ಮಾ, ಪೈಪು ಎಲ್ಲಾ ಕಡೆ ಸಿಗುತ್ತೆ, ಇದನ್ಯಾಕೆ ಹೊರಿಸ್ತೀರಾ?" ಅಂದ. ನಾನು ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವಳು, ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಬಿಡುವ ಅಭ್ಯಾಸ ಇಲ್ಲ. ಆದರೆ ಅವತ್ತು ಉತ್ತರ ಕೊಡಲಿಲ್ಲ. ಇಂಥವು ಮೂರಿದ್ದವು. ಒಂದರ ಮೇಲೊಂದು ಸೇರಿಸಿ ನಿಲ್ಲಿಸಿದರೆ ನಮ್ಮ ಹಿತ್ತಲಿನ ತೆಂಗಿನಮರವನ್ನೂ ಮೀರಿ ನಿಲ್ಲಬೇಕಿತ್ತು. "ಇದು ನಾವೆಲ್ಲ ಹೋದ ಮೇಲೂ ಇರುತ್ತೆ" ಎಂದು ಅಣ್ಣ ಹೇಳಿದ್ದರು. ಅಪ್ಪನನ್ನು ನಾವು ಅಣ್ಣ ಎಂದೇ ಕರೆಯುತ್ತಿದ್ದೆವು. ಅವರ ಮಾತು ನಿಜವಾಗಿದೆ. ಇಷ್ಟು ವರ್ಷವಾದರೂ ಪೈಪಿಗೆ ತುಕ್ಕು ಹಿಡಿದಿಲ್ಲ. ಆದರೆ ಅದು ಒಂದು ದಿನವೂ ನೆಟ್ಟಗೆ ನಿಲ್ಲಲಿಲ್ಲ.

ಚಾಮರಾಜಪೇಟೆಯ ಮನೆಗಳು ಅಗಲಕ್ಕಿಂತ ಉದ್ದ ಹೆಚ್ಚು. ಮುಂದೆ ಜಗಲಿ, ಆಮೇಲೆ ಪಡಸಾಲೆ, ನಡುಮನೆ, ಅಡುಗೆಮನೆ. ಹಿತ್ತಲಲ್ಲಿ ಬಾವಿ, ಬಚ್ಚಲುಮನೆ, ಒಂದು ತೆಂಗಿನಮರ. ಅದರಾಚೆ ಹಿಂದಿನ ಗಲ್ಲಿ. ಈ ಉದ್ದದ ಮನೆಯನ್ನು ಅಣ್ಣ ಗಡಿಯಾರದಂತೆ ನಡೆಸುತ್ತಿದ್ದರು. ಅವರು ಸರ್ಕಾರಿ ಕಚೇರಿಯೊಂದರಲ್ಲಿ ನಕ್ಷೆ ಬರೆಯುವವರು. ಸ್ನಾನಕ್ಕೆ ಸರದಿ ಇತ್ತು, ಚಪ್ಪಲಿ ಬಿಡುವುದಕ್ಕೆ ಜಾಗವಿತ್ತು. ಪೆನ್ಸಿಲ್ ಜೀವುವ ಚಾಕುವನ್ನು ತೆಗೆದವರು ಮೊಳೆಗೆ ಮತ್ತೆ ನೇತುಹಾಕಬೇಕಿತ್ತು. ಊಟಕ್ಕೆ ಕೂತಾಗ ಮಾತಿಲ್ಲ. ಇದು ಎಲ್ಲಕ್ಕಿಂತ ದೊಡ್ಡ ಕಟ್ಟಳೆ. ಉಪ್ಪು ಬೇಕಾದರೆ ಎಲೆಯ ಆ ಮೂಲೆಯನ್ನು ಬೆರಳಿನಿಂದ ತೋರಿಸಬೇಕು. ಅಣ್ಣನ ತಾಯಿ, ನಮ್ಮ ಅಜ್ಜಿ, ಈ ಕಟ್ಟಳೆಯನ್ನು ಮಗನಿಗೆ ತಾನೇ ಕಲಿಸಿದ್ದು ಎಂದು ಹೆಮ್ಮೆಪಡುತ್ತಿದ್ದಳು. ಅಮ್ಮ ಹೆಮ್ಮೆಪಡುತ್ತಿರಲಿಲ್ಲ, ಪಾಲಿಸುತ್ತಿದ್ದಳು. ನನಗೆ ಈ ಶಿಸ್ತು ಭಾರವಾಗಲಿಲ್ಲ. ಇವತ್ತಿಗೂ ನಾನು ಮೊದಲು ಹಾಸಿಗೆ ಮಡಿಸಿ ಆಮೇಲೆ ಕಣ್ಣು ಪೂರ್ತಿ ತೆರೆಯುವವಳು.

ಕಟ್ಟಳೆಗಳ ಹೊರಗೆ ಒಬ್ಬಳು ಇದ್ದಳು, ನನ್ನ ಅಕ್ಕ ಲಲಿತಾ. ಚಿಕ್ಕಂದಿನಲ್ಲಿ ಬಂದ ಕೀಲುಜ್ವರ ಅವಳ ಗುಂಡಿಗೆಯ ಕವಾಟ ಕೆಡಿಸಿಬಿಟ್ಟಿತ್ತು. ಮೆಟ್ಟಿಲು ಹತ್ತುವ ಹಾಗಿಲ್ಲ, ಕೊಡ ಎತ್ತುವ ಹಾಗಿಲ್ಲ, ಜೋರಾಗಿ ನಗುವ ಹಾಗೂ ಇಲ್ಲ. ಕಾಲೇಜು ಎರಡು ತಿಂಗಳಿಗೇ ನಿಂತಿತು. ಅವಳು ಎದ್ದಾಗ ಎದ್ದಳು, ಹಸಿದಾಗ ಉಂಡಳು, ಯಾರೂ ಏನೂ ಅನ್ನುತ್ತಿರಲಿಲ್ಲ. ಮನೆಗೆ ಬಂದವರು ಅವಳ ಎದುರಿಗೇ ಕೂತು ಅಮ್ಮನನ್ನು ಕೇಳುತ್ತಿದ್ದರು: "ಮಗು ಹೇಗಿದೆ?" ಅಕ್ಕ ತಾನೇ ಉತ್ತರ ಹೇಳುತ್ತಿದ್ದಳು: "ಮಗು ಕಾಫಿ ಕುಡೀತಾ ಇದೆ."

ಅಣ್ಣನಿಗೆ ಒಂದು ಹವ್ಯಾಸವಿತ್ತು. ಸರ್ಕಾರದ ಪರವಾನಗಿ ಪಡೆದು, ತಾವೇ ಜೋಡಿಸಿದ ಪೆಟ್ಟಿಗೆಯಿಂದ ದೂರದೂರದವರೊಂದಿಗೆ ಮಾತಾಡುವ ಹವ್ಯಾಸಿ ರೇಡಿಯೋ. ಮಾತು ಅಂದರೆ ಬಾಯಿಮಾತಲ್ಲ. ಕಟಕಟ ಒತ್ತುವ ಒಂದು ಹಿತ್ತಾಳೆ ಕೀ, ಅದರಿಂದ ಹೊರಡುವ ಗಿಡ್ಡ ಸದ್ದು, ಉದ್ದ ಸದ್ದು. ಆ ಸದ್ದುಗಳನ್ನು ಜೋಡಿಸಿದರೆ ಇಂಗ್ಲಿಷ್ ಅಕ್ಷರ. ಯುದ್ಧ ಮುಗಿದ ಮೇಲೆ ಗುಜರಿಗೆ ಬಂದಿದ್ದ ಮಿಲಿಟರಿ ರಿಸೀವರ್ ಒಂದನ್ನು ಅವರು ಭಾನುವಾರದ ಸಂತೆಯಲ್ಲಿ ಹಿಡಿದು ತಂದು ರಿಪೇರಿ ಮಾಡಿದ್ದರು. ಅದೆಲ್ಲ ಮಹಡಿಯ ಕೋಣೆಯಲ್ಲಿತ್ತು. ಅಕ್ಕ ಮೆಟ್ಟಿಲು ಹತ್ತಬಾರದು ಎಂದು ಡಾಕ್ಟರು ಹೇಳಿದ ವಾರವೇ ಅಣ್ಣ ಒಂದು ಮಾತೂ ಆಡದೆ ಪಡಸಾಲೆಯ ಪಕ್ಕದ ಉಗ್ರಾಣವನ್ನು ಖಾಲಿ ಮಾಡಿಸಿ, ಅಕ್ಕಿ ಡಬ್ಬಗಳಿದ್ದ ಕಡೆ ರೇಡಿಯೋ ಇಟ್ಟರು. ಅಜ್ಜಿ, "ಅಕ್ಕಿ ಎಲ್ಲಿಡ್ಲೋ ಮೂರ್ತಿ?" ಎಂದಳು. "ಎಲ್ಲಾದ್ರೂ ಇಡಮ್ಮ. ಅಕ್ಕಿ ಮೆಟ್ಟಿಲು ಹತ್ತುತ್ತೆ" ಎಂದರು ಅಣ್ಣ.

ಅಕ್ಕ ಒಂದು ಬೇಸಿಗೆಯಲ್ಲಿ ಎಲ್ಲಾ ಕಲಿತಳು. ಪರೀಕ್ಷೆ ಪಾಸು ಮಾಡಿದಳು. ಅವಳ ಹೆಸರಿಗೇ ಪರವಾನಗಿ ಬಂತು. ಅವಳು ಕಲಿತದ್ದನ್ನು ನನಗೂ ಕಲಿಸಿದಳು. ನನ್ನನ್ನು ಕರೆಯಬೇಕಾದರೆ ಬಾಯಿ ತೆರೆಯದೆ ಲೋಟದಿಂದ ಗೋಡೆಗೆ ನನ್ನ ಹೆಸರು ಕುಟ್ಟುತ್ತಿದ್ದಳು. ನಾನು ಅಡುಗೆಮನೆಯ ಗೋಡೆಗೆ ಅವಳ ಹೆಸರು ಕುಟ್ಟಿ, ಬಂದೆ ಎಂದು ಹೇಳುತ್ತಿದ್ದೆ. ಅವಳ ಹೆಸರಿನ ಸದ್ದು ಚೆನ್ನಾಗಿತ್ತು. ಗಿಡ್ಡ, ಉದ್ದ, ಗಿಡ್ಡ, ಗಿಡ್ಡ ಎಂದು ಶುರುವಾಗಿ, ಕೊನೆಗೆ ಒಂದು ಉದ್ದದ ಮೇಲೆ ನಿಂತು, ಮತ್ತೆ ಗಿಡ್ಡ, ಉದ್ದ ಎಂದು ಮುಗಿಯುತ್ತಿತ್ತು. ಜೋಕಾಲಿ ನಿಲ್ಲುವ ಮುಂಚೆ ಇನ್ನೊಂದು ಸಲ ತೂಗಿದ ಹಾಗೆ.

ಅಣ್ಣನಿಗೆ ಗಾಳಿಯಲ್ಲಿ ಕಳಿಸುವ ಮಾತಿಗೂ ಕಟ್ಟಳೆ ಇತ್ತು. ಅಲ್ಲಿ ಇಬ್ಬರು ಮೊದಲ ಸಲ ಸೇರಿದರೆ ಕೇಳುವುದು ಹೆಸರು ಮತ್ತು ಊರು. ಒಮ್ಮೆ ಅಕ್ಕ ತಮಾಷೆಗೆ ಕೇಳಿದಳು:

"ಅಣ್ಣ, ಯಾರಿಗೆ ಗೊತ್ತಾಗುತ್ತೆ? ಹೆಸರು ಮಹಾರಾಣಿ ಅಂತ ಕಳಿಸ್ಲಾ?"

"ಕೂಡದು. ಮುಖ ಕಾಣದ ಕಡೆ ಹೆಸರಾದ್ರೂ ನಿಜವಾಗಿರಬೇಕು."

ಆದರೆ ಅಕ್ಕನ ಹೆಸರು ಕೇಳುವವರೇ ಹೆಚ್ಚಿಗೆ ಇರಲಿಲ್ಲ. ಕಾರಣ ನಮ್ಮ ತಂತಿ. ರೇಡಿಯೋದಿಂದ ಹೊರಟ ಸದ್ದನ್ನು ಆಕಾಶಕ್ಕೆ ಬಿಡುವುದು ಉದ್ದಕ್ಕೆ ಎಳೆದು ಕಟ್ಟಿದ ಒಂದು ತಾಮ್ರದ ತಂತಿ, ಅದನ್ನು ನಾವು ಏರಿಯಲ್ ಎನ್ನುತ್ತಿದ್ದೆವು. ಅದರ ಒಂದು ತುದಿ ಮಹಡಿಯ ಕೈಪಿಡಿಗೋಡೆಗೆ, ಇನ್ನೊಂದು ತುದಿ ಬಚ್ಚಲುಮನೆಯ ಹೊಗೆಗೂಡಿಗೆ. ಹೊಗೆಗೂಡು ನನ್ನ ಕೈಗೆ ಎಟುಕುವುದಕ್ಕಿಂತ ಸ್ವಲ್ಪ ಮೇಲೆ ಅಷ್ಟೆ. ತಂತಿ ನೆಲಕ್ಕೆ ಹತ್ತಿರವಿದ್ದರೆ ಅದರ ಅಲೆ ನೆತ್ತಿಯ ಮೇಲಕ್ಕೆ ಹೋಗಿ ಅಕ್ಕಪಕ್ಕದ ಊರುಗಳ ಮೇಲೆ ಬೀಳುತ್ತದೆ. ಎತ್ತರದಲ್ಲಿದ್ದರೆ ಓರೆಯಾಗಿ ಹೊರಟು ಸಮುದ್ರ ದಾಟುತ್ತದೆ. ಅಕ್ಕನಿಗೆ ಸಮುದ್ರದಾಚೆಯವರು ಕೇಳಿಸುತ್ತಿದ್ದರು. ಮಧ್ಯಾಹ್ನದ ಕಾಫಿ ಆದ ಮೇಲೆ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಅವರು ಒಬ್ಬರನ್ನೊಬ್ಬರು ಹೆಸರು ಕೇಳುವುದನ್ನು ಕೇಳುತ್ತಿದ್ದಳು. ಇವಳು ಕೂಗಿದರೆ ಮದರಾಸಿನವರು ಓ ಎನ್ನುತ್ತಿದ್ದರು, ಹೈದರಾಬಾದಿನವರು ಓ ಎನ್ನುತ್ತಿದ್ದರು. ಆಚೆಯವರಿಗೆ ಇವಳು ಇರುವುದೇ ಗೊತ್ತಿರಲಿಲ್ಲ.

"ಇವೆಲ್ಲ ರೈಲಲ್ಲಿ ಹೋಗೋ ಊರು ಕಣೆ ರಮಾ" ಎಂದಳು ನನಗೆ. "ರೈಲು ಹೋಗದೆ ಇರೋ ಕಡೆಯಿಂದ ಒಬ್ಬರು ನನ್ನ ಹೆಸರು ಕೇಳ್ಬೇಕು. ಒಂದೇ ಒಂದು ಸಲ. ಆಮೇಲೆ ಈ ಕೋಣೇಲಿ ಮತ್ತೆ ಅಕ್ಕಿ ತುಂಬಿಸ್ಲಿ."

ಹೀಗೆ ನಮ್ಮ ಮನೆಯಲ್ಲಿ ಕಂಬದ ಮಾತು ಶುರುವಾಯಿತು. ಹಿತ್ತಲ ತುದಿಯಲ್ಲಿ ಎತ್ತರದ ಕಂಬವೊಂದು ಬೇಕು, ತಂತಿಯ ಆ ತುದಿ ಅದರ ತಲೆಗೆ ಹೋಗಬೇಕು. ಅಣ್ಣ ನಕ್ಷೆ ಬರೆದರು. ಮೊದಲು ಇದ್ದ ತೆಂಗಿನಮರವನ್ನೇ ನೋಡೋಣ ಅಂದುಕೊಂಡರು. ಮರ ತೂಗುತ್ತದೆ, ತೂಗಿದರೆ ತಂತಿ ಹರಿಯುತ್ತದೆ. ಅದಕ್ಕೆ ಬಾವಿಯ ಹಳೇ ರಾಟೆಯನ್ನು ಮರದ ತುದಿಗೆ ಕಟ್ಟಿಸಿ, ತಂತಿಗೆ ಹಗ್ಗ ಸೇರಿಸಿ ರಾಟೆಯ ಮೇಲೆ ಇಳಿಬಿಟ್ಟು, ಹಗ್ಗದ ಕೊನೆಗೆ ಇಟ್ಟಿಗೆ ತುಂಬಿದ ಬಕೆಟ್ಟು ಕಟ್ಟಿದರು. ಮರ ಅತ್ತ ವಾಲಿದರೆ ಬಕೆಟ್ಟು ಮೇಲೆ, ಇತ್ತ ವಾಲಿದರೆ ಕೆಳಗೆ. ಅಜ್ಜಿ ತುಳಸಿಗೆ ನೀರು ಹಾಕುತ್ತಾ ನಿಂತು ನೋಡಿದಳು.

"ಬಾವಿಯಿಂದ ನೀರು ಸೇದೋದು ನೋಡಿದೀನಿ. ಮರದಿಂದ ಇಟ್ಟಿಗೆ ಸೇದೋದು ಇವತ್ತೇ ನೋಡಿದ್ದು."

ಅಕ್ಕ ನಕ್ಕು ನಕ್ಕು ಕೆಮ್ಮಿದಳು. ಅಮ್ಮ ಎಲ್ಲರನ್ನೂ ಬೈದಳು. ವಾರ ಕಳೆಯುವುದರೊಳಗೆ ಒಂದು ಒಣಗರಿ ಬಿದ್ದು ತಂತಿ ತುಂಡಾಯಿತು, ಬಕೆಟ್ಟು ತುಳಸಿಕಟ್ಟೆಯ ಮೇಲೆ ಬಂದು ಕೂತಿತು. ತೆಂಗಿನಮರದ ಕಥೆ ಅಲ್ಲಿಗೆ ಮುಗಿಯಿತು. ಆಮೇಲೆ ಸರ್ವೆಮರದ ಗಳು ನೋಡಿಕೊಂಡು ಬಂದರು. ಎತ್ತಿ ನಿಲ್ಲಿಸಲು ಹತ್ತು ಜನ ಬೇಕು, ಮೇಲಾಗಿ ಗೆದ್ದಲು. ಉಳಿದದ್ದು ಬೊಂಬು. ಹಗುರ, ನೆಟ್ಟಗಿರುತ್ತದೆ, ವಿದ್ಯುತ್ತು ಹರಿಯಗೊಡುವುದಿಲ್ಲ, ಇಬ್ಬರು ಸೇರಿ ಎತ್ತಬಹುದು. ಒಂದಕ್ಕೊಂದು ಬೆಸೆದು ಕಟ್ಟಿದರೆ ಬೇಕಾದ ಎತ್ತರ. ಅಣ್ಣ ಒಂದು ಭಾನುವಾರ ಬೆಳಿಗ್ಗೆ ಸೈಕಲ್ಲು ಹತ್ತಿ ಕಲಾಸಿಪಾಳ್ಯಕ್ಕೆ ಹೋದರು. ನೋಡಿ ನೋಡಿ, ಅಳೆದು, ಎರಡು ಹಸಿರು ಬೊಂಬು ಆರಿಸಿ, ಕೈಗಾಡಿಗೆ ಕಟ್ಟಿಸಿ, ತಾವು ಸೈಕಲ್ಲಿನಲ್ಲಿ ಮುಂದೆ ಮುಂದೆ ನಿಧಾನವಾಗಿ ಬಂದರು.

ಲೆಕ್ಕವೆಲ್ಲ ಸರಿಯಿತ್ತು. ಒಂದೇ ಒಂದು ಅವರಿಗೆ ಹೊಳೆದಿರಲಿಲ್ಲ. ನಮ್ಮ ಜನರಲ್ಲಿ ಉದ್ದನೆಯ ಎರಡು ಹಸಿ ಬೊಂಬು ಮನೆಯ ಮುಂದೆ ಬಂದು ಇಳಿಯುವುದು ಒಂದೇ ಕೆಲಸಕ್ಕೆ. ಚಟ್ಟ ಕಟ್ಟುವುದಕ್ಕೆ.

ಗಾಡಿ ನಮ್ಮ ರಸ್ತೆಗೆ ತಿರುಗಿದ್ದೇ ಕಿಟಕಿಗಳು ತೆರೆದವು. ಮುಂದೆ ತಲೆ ತಗ್ಗಿಸಿ ಸೈಕಲ್ಲು ತುಳಿಯುತ್ತಿರುವ ಮೂರ್ತಿಗಳು, ಹಿಂದೆ ಬೊಂಬು. ಮನೆಯಲ್ಲಿ ಕಾಯಿಲೆಯ ಮಗಳು. ಜನ ಇನ್ನೇನು ತಿಳಿದಾರು? ಗಾಡಿಯವನು ಹಗ್ಗ ಬಿಚ್ಚುವುದರೊಳಗೆ ನಾಲ್ಕಾರು ಜನ ಗೇಟಿನ ಹತ್ತಿರ ಬಂದು ಚಪ್ಪಲಿ ಬಿಟ್ಟು ಸುಮ್ಮನೆ ನಿಂತರು. ಎದುರುಮನೆಯ ನಾಗಮ್ಮನವರು ಸೆರಗು ಬಾಯಿಗೆ ಒತ್ತಿಕೊಂಡು ಒಳಗೇ ಬಂದು, ಜಗಲಿಯಲ್ಲಿ ಹುರುಳಿಕಾಯಿ ಸೋಸುತ್ತಿದ್ದ ಅಮ್ಮನ ಕೈ ಹಿಡಿದುಕೊಂಡರು.

"ಯಾವಾಗ ಹೋಯ್ತಮ್ಮ ಮಗು?"

ಅಮ್ಮನಿಗೆ ಅರ್ಥವಾಗಲಿಲ್ಲ. ಜಗಲಿಯ ಕಂಬದ ಮರೆಯ ಬೆತ್ತದ ಕುರ್ಚಿಯಿಂದ ಅಕ್ಕನ ದನಿ ಬಂತು:

"ನಾನಿನ್ನೂ ಹೋಗಿಲ್ಲ ನಾಗಮ್ಮನೋರೇ. ಕೂತ್ಕೊಳ್ಳಿ, ಕಾಫಿ ಕುಡ್ಕೊಂಡು ಹೋಗಿ."

ನಾಗಮ್ಮನವರು ಕಿಟಾರನೆ ಕಿರುಚಿದರು. ಹೊರಗೆ ನಿಂತಿದ್ದವರಲ್ಲಿ ಯಾರೋ ನಕ್ಕರು, ಉಳಿದವರು ಅವರನ್ನು ಗದರಿದರು, ಆಮೇಲೆ ಅವರೂ ನಕ್ಕರು. ಅಕ್ಕನಂತೂ ಎದೆ ಹಿಡಿದುಕೊಂಡು ನಗುತ್ತಿದ್ದಳು. ಅಣ್ಣ ಬೊಂಬಿನ ಮೇಲೆ ಕೈಯಿಟ್ಟುಕೊಂಡು ಹಾಗೇ ನಿಂತಿದ್ದರು. ಅಜ್ಜಿ ದೇವರಮನೆಯಿಂದ ಬಂದವಳು ಬೊಂಬು ನೋಡಿದಳು, ನಗಲಿಲ್ಲ.

"ಬುದ್ಧಿ ಇದೆಯೇನೋ ನಿಂಗೆ? ಹುಷಾರಿಲ್ಲದ ಹೆಣ್ಣುಮಗಳಿರೋ ಮನೆಗೆ ಇದನ್ನ ತರ್ತಾರೇನೋ? ಇದು ಈ ಗೇಟು ದಾಟಿ ಒಳಗೆ ಬರಕೂಡದು."

"ಅಮ್ಮ, ಏರಿಯಲ್ಲಿಗೆ..."

"ಏನಕ್ಕಾದ್ರೂ ಆಗ್ಲಿ."

ಆಗ ಮಧ್ಯೆ ಬಂದವರು ಪಕ್ಕದ ಮನೆಯ ರುದ್ರಪ್ಪನವರು. ಪೇಟೆಯಲ್ಲಿ ಅವರಿಗೆ ಹಗ್ಗ, ಗೋಣಿಯ ಅಂಗಡಿ. ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆಯಡಿಕೆ. ಗಾಡಿಯವನಿಗೆ ಕೈ ತೋರಿಸಿ, "ಆ ಕಡೆ ತಿರುಗ್ಸಪ್ಪಾ, ನಮ್ಮ ಕಾಂಪೌಂಡಲ್ಲಿ ಇಳ್ಸು" ಎಂದರು. ಆಮೇಲೆ ಅಣ್ಣನಿಗೆ:

"ನಮ್ಮಲ್ಲಿ ಕೂರಿಸ್ಕೊಂಡು ಹೋಗ್ತಾರೆ ಮೂರ್ತಿಗಳೇ, ಮಲಗಿಸ್ಕೊಂಡಲ್ಲ. ನಮಗೆ ಬೊಂಬು ಬರೀ ಬೊಂಬು. ನಮ್ಮ ಜಾಗದಲ್ಲೇ ನೆಟ್ಬಿಡೋಣ, ಗೋಡೆ ಪಕ್ಕಕ್ಕೇ. ನಾಳೆ ಆಳು ಕರೆಸ್ತೀನಿ. ಹಗ್ಗ ನಮ್ಮಂಗಡೀದು. ನಿಮ್ಮ ತಂತಿ ಗೋಡೆ ದಾಟಿ ಬಂದು ಕಟ್ಟಿಸ್ಕೊಂಡು ಹೋಗ್ಲಿ, ನಮಗೇನು ಕಷ್ಟ?"

ಅಜ್ಜಿ ಒಂದು ಕ್ಷಣ ಯೋಚಿಸಿ, "ಅವರ ಮನೇಲಿದ್ರೆ ನಂದೇನೂ ಇಲ್ಲ" ಎಂದಳು. ಅಷ್ಟು ಬೇಗ ಅಜ್ಜಿ ಒಪ್ಪಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಅಕ್ಕ ಕುರ್ಚಿಯಿಂದ ಎದ್ದು ನಿಂತಳು.

"ಎಷ್ಟು ದಿನ ಬಾಳುತ್ತೆ ರುದ್ರಪ್ಪ ಮಾಮ?"

"ಎರಡು ಮಳೆಗಾಲ ತಡೆಯುತ್ತೆ ಕಣಮ್ಮ. ಆಮೇಲೆ ಬುಡ ಕೊಳೆಯುತ್ತೆ, ಬೇರೆ ಹಾಕ್ಕೊಂಡ್ರಾಯ್ತು."

"ಓ, ಸಾಕು ಸಾಕು" ಎಂದಳು ಅಕ್ಕ. ಅಣ್ಣ ಅವಳ ಕಡೆ ನೋಡಿದರು. ಆಮೇಲೆ ರುದ್ರಪ್ಪನವರ ಕಡೆ ತಿರುಗಿ, "ನೋಡೋಣ" ಎಂದಷ್ಟೇ ಹೇಳಿ ಸೈಕಲ್ಲು ಒಳಗಿಟ್ಟರು.

ಮಾರನೆಯ ದಿನ ಆಳು ಬಂದ. ಅಣ್ಣ, ಇನ್ನೂ ನಿಶ್ಚಯವಾಗಿಲ್ಲ ಎಂದು ಅವನನ್ನು ವಾಪಸು ಕಳಿಸಿದರು. ಎರಡನೇ ಸಲವೂ ಕಳಿಸಿದರು. ಬೇರೆಯವರ ಜಾಗದಲ್ಲಿ ನಮ್ಮ ಕಂಬ ಯಾಕೆ, ಬೆಸುಗೆ ಭದ್ರವಲ್ಲ, ತುದಿ ಬಳುಕುತ್ತದೆ, ಹೀಗೆ ಪ್ರತಿದಿನ ಒಂದು ಕಾರಣ. ಎಲ್ಲವೂ ಸರಿಯಾದ ಕಾರಣಗಳೇ. ಅಕ್ಕ ಹಟ ಮಾಡಲಿಲ್ಲ. ಅವಳಿಗೆ ಹಟ ಮಾಡುವಷ್ಟು ಉಸಿರಿರಲಿಲ್ಲ. ಆ ತಿಂಗಳು ಅವಳು ಜಗಲಿಗೆ ಬರುವುದನ್ನೂ ಬಿಟ್ಟಿದ್ದಳು. ಸಂಜೆ ಹೊತ್ತಿಗೆ ಪಾದ ಊದಿರುತ್ತಿತ್ತು. ಒಂದು ಮಧ್ಯಾಹ್ನ, ರಜಾದಿನ, ಎಲ್ಲರೂ ಊಟಕ್ಕೆ ಕೂತಿದ್ದೆವು. ಅಕ್ಕನಿಗೆ ಗೋಡೆಗೆ ಒರಗಲು ದಿಂಬು. ಅಮ್ಮ ಹುಳಿ ಬಡಿಸುತ್ತಾ ಬಂದವಳು ಅಣ್ಣನ ಎಲೆಯ ಮುಂದೆ ನಿಂತಳು. ಸೌಟು ಪಾತ್ರೆಯಲ್ಲೇ ಇತ್ತು. ಊಟದ ಹೊತ್ತಿನಲ್ಲಿ, ಮದುವೆಯಾಗಿ ಬಂದಾಗಿನಿಂದ ಮುರಿಯದ ಕಟ್ಟಳೆ ಮುರಿದು, ಅವಳು ಮಾತಾಡಿದಳು.

"ಬೊಂಬು ನೆಡ್ಸಿಬಿಡ್ರೀ."

ಅಜ್ಜಿ ತಲೆ ಎತ್ತಿದಳು. ಅಣ್ಣ ಅನ್ನದಲ್ಲಿ ಗುಣಿ ಮಾಡುತ್ತಾ ಕೂತರು.

"ನಿಮ್ಮನ್ನೇ ಕೇಳ್ತಿರೋದು. ಅವಳೇನು ಚಿನ್ನ ಕೇಳಿದ್ಲಾ, ಸೀರೆ ಕೇಳಿದ್ಲಾ?"

"ಎರಡು ವರ್ಷಕ್ಕೆ ಕೊಳೆತುಹೋಗೋ ವಸ್ತು" ಎಂದರು ಅಣ್ಣ. "ನಾನು ಕಬ್ಬಿಣದ್ದೇ ಹಾಕಿಸ್ತೀನಿ. ಮಾಡೋ ಕೆಲಸ ಗಟ್ಟಿಯಾಗಿ ಮಾಡ್ಬೇಕು."

ಆಗ ಅಕ್ಕ, ಮೊಸರು ಬೇಕು ಎಂದು ಹೇಳುವಷ್ಟೇ ಸಲೀಸಾಗಿ, ಹೇಳಿದಳು:

"ಅಣ್ಣ, ಎರಡು ವರ್ಷ ಸಾಕಲ್ವಾ ನಂಗೆ?"

ದೊಡ್ಡಾಸ್ಪತ್ರೆಯ ಡಾಕ್ಟರು ಅಣ್ಣನನ್ನು ಮಾತ್ರ ಪಕ್ಕಕ್ಕೆ ಕರೆದು ಹೇಳಿದ್ದು ಅವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತಿದೆ ಎಂದು ಅಮ್ಮನಿಗೆ ಗೊತ್ತಿತ್ತು. ಗೊತ್ತಿಲ್ಲ ಎಂದುಕೊಂಡಿದ್ದವರು ಅಣ್ಣ ಒಬ್ಬರೇ. ಅವರು ಎದ್ದರು. ಎಲೆಯಲ್ಲಿ ಒಂದು ಅಗುಳೂ ಬಿಡಬಾರದು ಎಂದು ನಮಗೆ ಕಲಿಸಿದವರು ಕಲಸಿದ ಅನ್ನವನ್ನು ಹಾಗೇ ಬಿಟ್ಟು ಹಿತ್ತಲಿಗೆ ಹೋಗಿ ಕೈ ತೊಳೆದರು. ತುಂಬ ಹೊತ್ತು ತೊಳೆದರು. ಬಾವಿಯ ರಾಟೆ ಕಿರುಗುಟ್ಟುತ್ತಲೇ ಇತ್ತು.

ಮರುದಿನ ಕಚೇರಿಯಿಂದ ಬರುವಾಗ ಹಿಂದೆ ಕೈಗಾಡಿ. ಮೂರು ಜಿ.ಐ. ಪೈಪು. ದಪ್ಪ, ನಡುವಿನದು, ಸಣ್ಣದು. ಅವತ್ತೇ ಅವರು ಅಕ್ಕನ ಮುಂದೆ ನಿಂತು ಹೇಳಿದ್ದು, ಇದು ನಾವೆಲ್ಲ ಹೋದ ಮೇಲೂ ಇರುತ್ತೆ ಎಂದು. ನಿನ್ನ ಮೊಮ್ಮಕ್ಕಳೂ ಇದಕ್ಕೇ ತಂತಿ ಕಟ್ತಾರೆ ಎಂದೂ ಸೇರಿಸಿದರು. ಅಕ್ಕ ಪೈಪನ್ನು ಮುಟ್ಟಿ ನೋಡಿ, "ತಣ್ಣಗಿದೆ" ಎಂದಳು. ಆಮೇಲೆ ಅವರ ಮುಖ ನೋಡಿ, "ಆಗ್ಲಿ ಅಣ್ಣ, ಇದೇ ಚೆನ್ನಾಗಿದೆ" ಎಂದಳು.

ನಾನು ಈಗ ಯೋಚಿಸುತ್ತೇನೆ. ಬೊಂಬು ನೆಟ್ಟರೆ ಎರಡು ವರ್ಷ ಎಂಬುದನ್ನು ತಾವು ಒಪ್ಪಿಕೊಂಡ ಹಾಗೆ ಎಂದು ಅಣ್ಣನಿಗೆ ಅನ್ನಿಸಿರಬೇಕು. ಕಬ್ಬಿಣ ನೆಟ್ಟರೆ ಕಬ್ಬಿಣದಷ್ಟು ದಿನ ಮಗಳೂ ಇರುತ್ತಾಳೆ. ಅಷ್ಟು ಲೆಕ್ಕ ಗೊತ್ತಿದ್ದ ಮನುಷ್ಯ ಇಂಥ ಲೆಕ್ಕ ಹಾಕಿದರು. ಅವರನ್ನು ನಾನು ಬೈಯಲಾರೆ. ಬೈಯದೆ ಇರುವುದೂ ಆಗುವುದಿಲ್ಲ.

ಕಬ್ಬಿಣಕ್ಕೆ ಕೆಲಸ ಹೆಚ್ಚು. ಪೈಪಿನ ತುದಿಗಳಿಗೆ ಥ್ರೆಡ್ ಹಾಕಿಸಬೇಕು, ಅದನ್ನು ಮಾಡುವವನು ಊರಿಗೆ ಹೋಗಿದ್ದ. ಬುಡಕ್ಕೆ ಆಳವಾಗಿ ಗುಂಡಿ ತೋಡಿ ಕಾಂಕ್ರೀಟು ಹಾಕಬೇಕು. ಅಷ್ಟು ಹೊತ್ತಿಗೆ ಆಷಾಢ ಬಂತು. "ಆಷಾಢದಲ್ಲಿ ನೆಲ ಅಗೀಬಾರದು" ಎಂದಳು ಅಜ್ಜಿ. ಬೇರೆ ದಿನವಾದರೆ ಅಣ್ಣ ವಾದ ಮಾಡುತ್ತಿದ್ದರು. ಅವರಿಗೂ ಆಷಾಢದ ಗಾಳಿಯ ಭಯವಿತ್ತು. ಅಷ್ಟುದ್ದದ ಪೈಪು ಎತ್ತುವಾಗ ಗಾಳಿ ಹೊಡೆದರೆ ಯಾರ ಮೇಲಾದರೂ ಬಿದ್ದೀತು. ಶ್ರಾವಣ ಬರಲಿ ಎಂದರು. ಪೈಪು ಬಚ್ಚಲುಮನೆಯ ಗೋಡೆಯ ಪಕ್ಕ ಮಲಗಿತು. ಗಾಳಿ ಹೊಗೆಗೂಡಿಗೆ ಕಟ್ಟಿದ್ದ ತಂತಿಯಲ್ಲಿ ದಿನವಿಡೀ ಸಿಳ್ಳೆ ಹಾಕುತ್ತಿತ್ತು.

ಅಕ್ಕನ ಮಂಚವನ್ನು ರೇಡಿಯೋ ಕೋಣೆಗೇ ತಂದರು. ಕೂತು ಕೀ ಒತ್ತುವಷ್ಟು ಆಗುತ್ತಿರಲಿಲ್ಲ. ಮಲಗಿ ಕೇಳುತ್ತಿದ್ದಳು. ಒಂದು ಸಂಜೆ ನನ್ನ ಹೆಸರು ಕುಟ್ಟಿದಳು. ಮೊದಲಿನ ಹಾಗಲ್ಲ, ಎರಡು ಅಕ್ಷರದ ನಡುವೆ ತುಂಬ ಬಿಡುವಿತ್ತು. ಹೋದೆ.

"ಕಾಂಪೌಂಡ್ ಗೋಡೆ ಹತ್ತಿ ನೋಡೆ. ಬೊಂಬು ಇನ್ನೂ ಅಲ್ಲೇ ಇದೆಯಾ?"

ನೋಡಿ ಬಂದೆ. "ಇದೆ. ಹಳದಿಗೆ ತಿರುಗಿದೆ."

"ಒಣಗ್ತಿದೆ. ಒಣಗಿದ್ರೆ ಇನ್ನೂ ಹಗುರ, ಎತ್ತೋದು ಸುಲಭ." ಉಸಿರು ಸುಧಾರಿಸಿಕೊಂಡು, "ಅಣ್ಣನಿಗೆ ಹೇಳ್ಬೇಡ, ನಾನು ಕೇಳ್ದೆ ಅಂತ. ಬೇಜಾರು ಮಾಡ್ಕೋತಾರೆ" ಎಂದಳು.

ನಾನು ಹೇಳಲಿಲ್ಲ. ಹೆಡ್‌ಫೋನಿನ ಒಂದು ಕಿವಿ ಅವಳು ಹಿಡಿದುಕೊಂಡು ಇನ್ನೊಂದನ್ನು ನನ್ನ ಕಿವಿಗೆ ಇಟ್ಟಳು. ಎಲ್ಲೋ ಯಾರೋ ಯಾರದೋ ಹೆಸರು ಕೇಳುತ್ತಿದ್ದರು.

ಆಷಾಢ ಇನ್ನೂ ಮುಗಿದಿರಲಿಲ್ಲ. ಒಂದು ಬೆಳಿಗ್ಗೆ ಅಮ್ಮ ಕಾಫಿ ತೆಗೆದುಕೊಂಡು ಆ ಕೋಣೆಗೆ ಹೋದಳು, ಲೋಟ ಕೈಯಲ್ಲೇ ಹಿಡಿದುಕೊಂಡು ಹೊರಗೆ ಬಂದಳು, ಪಡಸಾಲೆಯಲ್ಲಿ ನಿಂತಳು. ಲೋಟ ಎಲ್ಲಿಡಬೇಕು ಎಂದು ಗೊತ್ತಾಗದವಳ ಹಾಗೆ ಸುತ್ತ ನೋಡಿದಳು. ನಮಗೆ ಅಷ್ಟೇ ಸಾಕಾಯಿತು.

ಈ ಸಲ ಚಪ್ಪಲಿ ಬಿಟ್ಟು ಬಂದವರು ತಪ್ಪು ತಿಳಿದು ಬಂದವರಲ್ಲ. ನಾಗಮ್ಮನವರು ಗೇಟಿನ ಹತ್ತಿರವೇ ಕುಸಿದು ಕೂತರು. ಇಂಥ ಹೊತ್ತಿನಲ್ಲಿ ಮುಂದೆ ನಿಂತು ಕೆಲಸ ನೋಡಿಕೊಳ್ಳುವ ಗಂಡಸರು ನಮ್ಮ ಬೀದಿಯಲ್ಲೂ ಇದ್ದರು. ಅವರಲ್ಲೊಬ್ಬರು ಮೆಲ್ಲ ದನಿಯಲ್ಲಿ, "ಕಲಾಸಿಪಾಳ್ಯಕ್ಕೆ ಯಾಕೆ ಹೋಗ್ಬೇಕು? ಪಕ್ಕದ ಕಾಂಪೌಂಡಲ್ಲೇ ಎರಡು ಬೊಂಬು ಇದೆಯಲ್ಲ" ಎಂದರು. ಇಬ್ಬರು ಆ ಕಡೆ ಹೊರಟರು. ರುದ್ರಪ್ಪನವರು ತಮ್ಮ ಗೇಟಿಗೆ ಅಡ್ಡ ನಿಂತರು.

"ಅದನ್ನ ಕೊಡಲ್ಲ."

"ಏನ್ ಸ್ವಾಮಿ, ಇಂಥ ಹೊತ್ತಲ್ಲಿ..."

"ಇಂಥ ಹೊತ್ತಲ್ಲೇ ಹೇಳ್ತಿರೋದು. ಅದು ಮಗು ಏರಿಯಲ್ಲಿಗೆ ತಂದಿರೋದು, ನನ್ನ ಹತ್ರ ಇಟ್ಟಿರೋದು. ಇದಕ್ಕೆ ಕೊಡಲ್ಲ. ನಮ್ಮಂಗಡಿ ಗಾಡಿ ತಗೊಂಡ್ಹೋಗಿ, ಬೇರೆ ತನ್ನಿ. ಎಷ್ಟು ಬೇಕಾದ್ರೂ ತನ್ನಿ."

ಜಗಲಿಯ ಮೇಲೆ ಕೂತು ನೆಲ ನೋಡುತ್ತಿದ್ದ ಅಣ್ಣ ತಲೆ ಎತ್ತಿದರು. ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಅಜ್ಜಿ ಅವರ ಪಕ್ಕ ಕೂತು, ಚಿಕ್ಕ ಹುಡುಗನಿಗೆ ಮಾಡುವ ಹಾಗೆ, ಬೆನ್ನು ನೀವಿದಳು.

ವೈಕುಂಠ ಸಮಾರಾಧನೆ ಮುಗಿದು, ನೆಂಟರು ಹೊರಟು, ಮನೆ ಅದರ ಕಟ್ಟಳೆಗಳಿಗೆ ಮರಳಿತು. ಶ್ರಾವಣ ಬಂದಿತ್ತು, ಗಾಳಿ ನಿಂತಿತ್ತು. ಪೈಪಿನ ಮಾತು ಯಾರೂ ಎತ್ತಲಿಲ್ಲ. ಒಂದು ಬೆಳಿಗ್ಗೆ ಗೋಡೆಯಾಚೆ ಹಾರೆಯ ಸದ್ದು ಕೇಳಿಸಿತು. ರುದ್ರಪ್ಪನವರು ಯಾರನ್ನೂ ಕೇಳದೆ ಆಳು ಕರೆಸಿ ಗುಂಡಿ ತೋಡಿಸುತ್ತಿದ್ದರು. ಬೊಂಬು ಎರಡನ್ನೂ ತಮ್ಮ ಅಂಗಡಿಯ ಹುರಿಹಗ್ಗದಿಂದ ಬೆಸೆದಿದ್ದರು. ಅಣ್ಣ ಹಿತ್ತಲಲ್ಲಿ ನಿಂತು ಬಹಳ ಹೊತ್ತು ನೋಡಿದರು. ಆಮೇಲೆ ಒಳಗೆ ಹೋಗಿ ಆ ಹಳೇ ರಾಟೆ, ವಿದ್ಯುತ್ತು ಹರಿಯದಂತೆ ತಂತಿಯ ತುದಿಗೆ ಕಟ್ಟುವ ಪಿಂಗಾಣಿ ಬಿಲ್ಲೆ, ಸುತ್ತಿಟ್ಟ ತಾಮ್ರದ ತಂತಿ ತಂದರು. ರಾಟೆಯನ್ನು ಬೊಂಬಿನ ತುದಿಗೆ ತಾವೇ ಕಟ್ಟಿದರು. ಬೊಂಬು ಎತ್ತುವಾಗ ನಾಲ್ಕು ಕಡೆಯಿಂದ ಹಗ್ಗ ಎಳೆದು ಹಿಡಿಯಬೇಕು. ಬುಡ ಹಿಡಿದವರು ಅಣ್ಣ. ಒಂದು ಕಡೆ ರುದ್ರಪ್ಪನವರು, ಒಂದು ಕಡೆ ಆಳು, ಇನ್ನೊಂದು ಕಡೆ ನಾನು. ನಾಲ್ಕನೆಯ ಹಗ್ಗವನ್ನು ಹಿಡಿ ಎಂದು ಯಾರೂ ಹೇಳದೆ ಅಜ್ಜಿ ಬಂದು ಹಿಡಿದಳು. ಮಡಿಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಲೂರಿ ನಿಂತಳು. ಬೊಂಬು ಸುಲಭವಾಗಿಯೇ ಎದ್ದಿತು. ಅಕ್ಕ ಹೇಳಿದ್ದಂತೆ, ಒಣಗಿ ಹಗುರವಾಗಿತ್ತು. ಒಂದು ಬೆಳಗಿನ ಕೆಲಸ. ಅಷ್ಟೇ ಇದ್ದದ್ದು.

ಬೊಂಬು ಎರಡು ಮಳೆಗಾಲ ನಿಂತಿತು, ಮೂರನೆಯದರಲ್ಲಿ ಬುಡ ಕೊಳೆಯಿತು. ರುದ್ರಪ್ಪನವರು ಬೇರೆ ತರಿಸಿದರು. ಆಮೇಲೂ ಅಣ್ಣ ಬೊಂಬನ್ನೇ ಹಾಕಿಸಿದರು, ಕಬ್ಬಿಣವನ್ನು ಎಬ್ಬಿಸಲೇ ಇಲ್ಲ.

ಮೊದಲ ಬೊಂಬು ಎದ್ದ ಆ ದಿನ ಮಧ್ಯಾಹ್ನ ಕಾಫಿ ಆದ ಮೇಲೆ ಅಣ್ಣ ಅಕ್ಕನ ಕುರ್ಚಿಯಲ್ಲಿ ಕೂತರು. ನಾನು ಬಾಗಿಲಲ್ಲಿ ನಿಂತೆ. ಹೆಡ್‌ಫೋನು ಮೇಜಿನ ಮೇಲೇ ಇತ್ತು, ಸದ್ದು ಕೋಣೆಗೆಲ್ಲ ಕೇಳಿಸುತ್ತಿತ್ತು. ಅವರು ಪರವಾನಗಿಯಲ್ಲಿ ಕೊಟ್ಟ ತಮ್ಮ ಗುರುತಿನ ಅಕ್ಷರಗಳನ್ನು ಒತ್ತಿ, ಯಾರಾದರೂ ಇದ್ದೀರಾ ಎಂದು ಕರೆದರು. ಗಾಳಿಯ ಗೊರಗೊರ. ಮತ್ತೆ ಕರೆದರು. ಆಮೇಲೆ, ತುಂಬ ಸ್ಪಷ್ಟವಾಗಿ, ಯಾರೋ ಪಕ್ಕದ ಕೋಣೆಯಿಂದ ಕುಟ್ಟಿದ ಹಾಗೆ, ಉತ್ತರ ಬಂತು. ಸಮುದ್ರದಾಚೆಯದು. ನಿಮ್ಮ ಸದ್ದು ಬಹಳ ಚೆನ್ನಾಗಿ ಬರುತ್ತಿದೆ ಎಂದರು. ತಮ್ಮ ಹೆಸರು, ಊರು ಹೇಳಿದರು. ನಿಮ್ಮ ಊರು? ನಿಮ್ಮ ಹೆಸರು?

ಅಣ್ಣ ಊರು ಕಳಿಸಿದರು. ಆಮೇಲೆ ಕೈ ನಿಂತಿತು. ಆಚೆಯವರು ಕಾದರು, ಮತ್ತೆ ಕೇಳಿದರು. ಅಣ್ಣ ಒತ್ತಿದರು. ಗಿಡ್ಡ, ಉದ್ದ, ಗಿಡ್ಡ, ಗಿಡ್ಡ. ನಾನು ಬಾಗಿಲು ಹಿಡಿದುಕೊಂಡೆ. ಒಂದೊಂದೇ ಅಕ್ಷರ, ನಿಧಾನವಾಗಿ, ಒಂದೂ ತಪ್ಪದೆ. ಕೊನೆಯಲ್ಲಿ ಉದ್ದದ ಮೇಲೆ ಒಂದು ಕ್ಷಣ ನಿಂತು, ಗಿಡ್ಡ, ಉದ್ದ. ಆಚೆಯವರು ಆ ಹೆಸರನ್ನು ಹಾಗೇ ತಿರುಗಿ ಕಳಿಸಿ, ಸೇರಿ ಸಂತೋಷವಾಯಿತು ಎಂದರು.

ಅಣ್ಣ ಪೆಟ್ಟಿಗೆ ಆರಿಸಿ, ಕೀ ಮೇಲೆ ಬಟ್ಟೆ ಮುಚ್ಚಿದರು. ಅಡುಗೆಮನೆಯಿಂದ ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ನನ್ನ ಹಿಂದೆ ನಿಂತಳು. ಅವಳಿಗೆ ಆ ಸದ್ದುಗಳು ಓದಲು ಬರುತ್ತಿರಲಿಲ್ಲ.

"ಏನಂತೆ?"

"ಹೆಸರು ಕೇಳಿದ್ರು" ಎಂದರು ಅಣ್ಣ.

"ಹೇಳಿದ್ರಾ?"

"ಹೇಳ್ದೆ."